ಬೇಳೆ ಬೇಯುವ ನೀರು

(ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಗ್ರಂಥಾಲಯದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೆ, ಊರಿನ ತಾಯಂದಿರಿಗೆ, ವಿದ್ಯಾರ್ಥಿಗಳಿಗೆ ನನ್ನ ನಮಸ್ಕಾರಗಳು.

ನಮ್ಮ ಸೀಮೆಯಲ್ಲಿ ಹೊಸ ಬೋರ್‌ವೆಲ್ಲಿನ ನೀರು ನಲ್ಲಿಗೆ ಬಂದ ದಿನ ಅದರ ಮೊದಲ ಪರೀಕ್ಷೆ ನಡೆಯುವುದು ಅಡುಗೆಮನೆಯಲ್ಲಿ. ತೊಗರಿಬೇಳೆಯನ್ನು ಒಲೆಯ ಮೇಲಿಟ್ಟು ನೋಡುತ್ತಾರೆ. ಬೇಳೆ ಬೇಗ ಅರಳಿ, ಮಸೆಯುವಷ್ಟು ಮೆತ್ತಗಾದರೆ ನೀರು ಒಳ್ಳೆಯದು. ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿದರೆ ಅದು ಗಡಸು ನೀರು, ಕುಡಿಯಲು ಬಾರದು ಎಂದು ತೀರ್ಮಾನವಾಗುತ್ತದೆ. ನಮ್ಮ ಅಜ್ಜಿಯೂ ಹೀಗೆಯೇ ನೋಡುತ್ತಿದ್ದರು. ರಸಾಯನಶಾಸ್ತ್ರ ಓದಿದ ಮೇಲೆ ನನಗೆ ತಿಳಿದದ್ದೇನೆಂದರೆ, ಅವರ ಪರೀಕ್ಷೆ ಮೂಢನಂಬಿಕೆಯಾಗಿರಲಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವಿನೊಡನೆ ಕೂಡಿ ಅದನ್ನು ಬಿಗಿಗೊಳಿಸುತ್ತವೆ. ಆದ್ದರಿಂದ ಬೇಳೆ ಬೇಯದಿರುವುದು ನೀರಿನ ಗಡಸುತನಕ್ಕೆ ನಿಜವಾದ ಸಾಕ್ಷಿ.

ಕಷ್ಟವಿರುವುದು ಆ ಸಾಕ್ಷಿಯನ್ನು ನಾವು ಎಳೆದುಕೊಂಡು ಹೋಗುವ ದೂರದಲ್ಲಿ. ಬೇಳೆ ಬೆಂದಿತು ಎಂದರೆ ನೀರು ಮೆದುವಾಗಿದೆ ಎಂದಷ್ಟೇ ಅರ್ಥ. ಆ ನೀರು ಮಕ್ಕಳಿಗೆ ಕುಡಿಸಲು ಯೋಗ್ಯ ಎಂದಲ್ಲ. ಪ್ರಮಾಣ ಮೀರಿದರೆ ಹಲ್ಲು, ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಿರುವ ಅಂತರ್ಜಲದಲ್ಲಿ ಅನೇಕ ಕಡೆ ಕ್ಯಾಲ್ಸಿಯಂ ಕಡಿಮೆ ಇದ್ದು, ಸೋಡಿಯಂ ಮತ್ತು ಬೈಕಾರ್ಬನೇಟ್ ಹೆಚ್ಚಿರುತ್ತವೆ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಅದರೊಡನೆ ಸೇರಿ ಕರಗದ ಲವಣವಾಗಿ ಬೇರ್ಪಡುತ್ತದೆ, ಅದು ಇಲ್ಲದಿದ್ದರೆ ಕಲ್ಲಿನಿಂದ ಬಿಡಿಸಿಕೊಂಡ ಫ್ಲೋರೈಡ್ ನೀರಿನಲ್ಲಿಯೇ ಉಳಿಯುತ್ತದೆ. ಇಂಥ ನೀರಿನಲ್ಲಿ ಬೇಳೆ ಅಡುಗೆ ಸೋಡ ಹಾಕಿದ ಹಾಗೆ ಬೇಯುತ್ತದೆ. ಅಂದರೆ ಅಜ್ಜಿಯ ಪರೀಕ್ಷೆಯಲ್ಲಿ ಅತ್ಯಂತ ಚೆನ್ನಾಗಿ ಪಾಸಾಗುವ ನೀರೇ ಮೊಮ್ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಎಳೆಯುವ ನೀರೂ ಆಗಿರಬಹುದು. ತೆರೆದ ಬಾವಿಯ ಕಾಲದಲ್ಲಿ ಈ ಅಪಾಯ ಕಡಿಮೆಯಿತ್ತು. ಮಳೆ ಬಂದು ಕೆರೆ ತುಂಬಿ, ಕೆರೆಯಿಂದ ಬಾವಿಗೆ ಇಳಿದ ನೀರು ಕಲ್ಲಿನೊಡನೆ ಹೆಚ್ಚು ಕಾಲ ಕಳೆದಿರುತ್ತಿರಲಿಲ್ಲ. ಇಂದು ನಾವು ಸಾವಿರ ಅಡಿಗಿಂತ ಕೆಳಗೆ ಹೋಗಿ ಎತ್ತುತ್ತಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆಗಳ ಬಿರುಕುಗಳಲ್ಲಿ ದೀರ್ಘಕಾಲ ನಿಂತಿದ್ದ ನೀರನ್ನು. ಆ ಶಿಲೆಗಳ ಖನಿಜಗಳಲ್ಲಿ ಫ್ಲೋರೈಡ್ ಇದೆ; ನೀರು ಎಷ್ಟು ಕಾಲ ಅಲ್ಲಿ ನಿಲ್ಲುತ್ತದೆಯೋ ಅಷ್ಟನ್ನು ಕರಗಿಸಿಕೊಳ್ಳುತ್ತದೆ.

ಇಂದಿನ ಮಾತಿನ ತಿರುಳು ಇಷ್ಟೇ. ನೀರು ಎಷ್ಟಿದೆ ಎಂಬ ಲೆಕ್ಕವನ್ನೂ ಅದು ಹೇಗಿದೆ ಎಂಬ ಲೆಕ್ಕವನ್ನೂ ನಾವು ಎರಡು ಬೇರೆ ಇಲಾಖೆಗಳ ಕೆಲಸವೆಂದು ಎಣಿಸಿದ್ದೇವೆ. ಅವು ಒಂದೇ ಲೆಕ್ಕ. ಮಟ್ಟ ಇಳಿದಂತೆ ಗುಣ ಕೆಡುತ್ತದೆ. ಗುಣ ಕೆಟ್ಟಾಗ, ಇದ್ದ ನೀರೂ ಇಲ್ಲದಂತಾಗುತ್ತದೆ. ಆ ಲೆಕ್ಕವನ್ನು ಊರಿನವರೇ, ಒಂದೇ ಪುಸ್ತಕದಲ್ಲಿ, ಬಿಡದೆ ಬರೆಯುವ ಪದ್ಧತಿ ಬರಬೇಕು ಎಂಬುದು ನನ್ನ ಆಗ್ರಹ.

ಮೊದಲು ಫ್ಲೋರೈಡ್ ವಿಷಯವನ್ನು ಮುಗಿಸುತ್ತೇನೆ. ಭಾರತದಲ್ಲಿ ಈ ತೊಂದರೆಯನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಲ್ಲಿ. ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 10500 ಎಂಬ ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಾದರೆ, ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳಲ್ಲಿ ದಂತಕವಚ ಕೆಡುತ್ತದೆ. ಆ ಕಲೆ ಉಜ್ಜಿದರೆ ಹೋಗುವಂಥದ್ದಲ್ಲ. ವರ್ಷಗಟ್ಟಲೆ ಇನ್ನೂ ಹೆಚ್ಚಿನ ಪ್ರಮಾಣ ಒಳಗೆ ಹೋದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಇಲ್ಲಿ ತಾಯಂದಿರು ಗಮನಿಸಬೇಕಾದ ಎರಡು ಸಂಗತಿಗಳಿವೆ. ನೀರನ್ನು ಕಾಯಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗುವುದು ನೀರು ಮಾತ್ರ, ಉಳಿದ ನೀರಿನಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ. ಎರಡನೆಯದಾಗಿ, ಕುಡಿಯಲು ಕ್ಯಾನಿನ ನೀರು, ಅಡುಗೆಗೆ ಬೋರ್‌ವೆಲ್ಲಿನ ನೀರು ಎಂದು ಅನೇಕ ಮನೆಗಳಲ್ಲಿ ಭಾಗ ಮಾಡಿಕೊಂಡಿದ್ದಾರೆ. ಮುದ್ದೆಗೆ ಇಟ್ಟ ಎಸರು ಎಲ್ಲಿಗೆ ಹೋಗುತ್ತದೆ? ಅದು ಮುದ್ದೆಯ ಒಳಗೇ ಉಳಿಯುತ್ತದೆ. ಅನ್ನದಲ್ಲಿ, ಸಾರಿನಲ್ಲಿ ಕೂಡ ಹಾಗೆಯೇ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ, ಅದು ನಮ್ಮ ಊಟದ ಪುಣ್ಯ. ಆದರೆ ಆ ರಾಗಿಯನ್ನು ಬೇಯಿಸುವ ನೀರಿನ ಲೆಕ್ಕವನ್ನು ಬಿಡಬಾರದು.

ಈಗ ಮನೆಮನೆಗೂ ಬಂದಿರುವ ಇನ್ನೊಂದು ಪರೀಕ್ಷೆಯ ಬಗ್ಗೆ ಹೇಳಬೇಕು. ಪೆನ್ನಿನಂಥ ಟಿ.ಡಿ.ಎಸ್. ಮೀಟರನ್ನು ಲೋಟದ ನೀರಿನಲ್ಲಿ ಅದ್ದಿ, ಅದು ತೋರಿಸುವ ಅಂಕಿಯನ್ನು ನೋಡಿ ನೀರಿಗೆ ಅಂಕ ಕೊಡುವ ರೂಢಿ ಬಂದಿದೆ. ಆ ಉಪಕರಣ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದರಿಂದ ಕರಗಿದ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ. ಒಂದು ಲೀಟರಿನಲ್ಲಿ 800 ಮಿಲಿಗ್ರಾಂ ಲವಣವಿದೆ ಎಂದುಕೊಳ್ಳಿ. ಅದರಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಇದ್ದರೂ ಇಲ್ಲದಿದ್ದರೂ ಪೆನ್ನಿನ ಪರದೆಯ ಮೇಲೆ ಗುರುತಿಸುವಂಥ ವ್ಯತ್ಯಾಸವಾಗದು. ಕಕ್ಕಸು ಗುಂಡಿಯ ಬ್ಯಾಕ್ಟೀರಿಯಾ ಒಳಗೆ ಬಂದಿದ್ದರೆ ಅದಕ್ಕೆ ಅದು ಗೊತ್ತೇ ಆಗುವುದಿಲ್ಲ. ಬೇಳೆಯ ಜಾಗಕ್ಕೆ ಪೆನ್ನು ಬಂದಿದೆಯೇ ಹೊರತು, ಒಂದೇ ಗುಣವನ್ನು ನೋಡಿ ಎಲ್ಲವನ್ನೂ ತೀರ್ಮಾನಿಸುವ ನಮ್ಮ ಅಭ್ಯಾಸ ಬದಲಾಗಿಲ್ಲ. ನೀರು ಮಾರುವವರು ಈ ಪೆನ್ನನ್ನೇ ಮುಂದೆ ಹಿಡಿದು ಜನರನ್ನು ಒಪ್ಪಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಬ್ಯಾಕ್ಟೀರಿಯಾವನ್ನು ಹಳ್ಳಿಯಲ್ಲಿಯೇ ಕಂಡುಹಿಡಿಯಲು ಸರಳವಾದ ಉಪಾಯವಿದೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ಬಾಟಲಿ ಪರೀಕ್ಷೆ ಅದು. ಔಷಧ ಹೀರಿಸಿದ ಕಾಗದದ ತುಂಡು ಇರುವ ಸಣ್ಣ ಬಾಟಲಿಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದ ಸಂಪರ್ಕದಿಂದ ಬರುವ ಬ್ಯಾಕ್ಟೀರಿಯಾಗಳಿದ್ದರೆ ಅವು ಬಿಡುಗಡೆ ಮಾಡುವ ಹೈಡ್ರೋಜನ್ ಸಲ್ಫೈಡ್ ಆ ಕಾಗದದಲ್ಲಿರುವ ಕಬ್ಬಿಣದೊಡನೆ ಕೂಡಿ ನೀರನ್ನು ಕಪ್ಪು ಮಾಡುತ್ತದೆ. ತಿಳಿನೀರು ಮರುದಿನ ಮಸಿಯಂತಾದದ್ದನ್ನು ಒಮ್ಮೆ ಕಣ್ಣಾರೆ ಕಂಡ ಮನೆಯವರಿಗೆ ನೀರು ಕಾಯಿಸಿ ಕುಡಿಯಿರಿ ಎಂದು ಎರಡನೆಯ ಸಲ ಹೇಳಬೇಕಾಗಿಲ್ಲ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕೆಂಬ ನಿಯಮವಿದೆ. ನಿಮ್ಮ ಹಳ್ಳಿಯ ಆ ಐವರು ಯಾರು, ಕಿಟ್ ಯಾರ ಮನೆಯಲ್ಲಿದೆ, ಅದರಲ್ಲಿರುವ ರಾಸಾಯನಿಕದ ಅವಧಿ ಮುಗಿದಿದೆಯೇ ಎಂದು ದಯವಿಟ್ಟು ವಿಚಾರಿಸಿ. ನಾನು ನೋಡಿದ ಒಂದು ಹಳ್ಳಿಯಲ್ಲಿ ಕಿಟ್ಟಿನ ಪೆಟ್ಟಿಗೆ ಸೀಲು ಒಡೆಯದೆ ಬೀರುವಿನ ಮೇಲೆ ಇತ್ತು, ಪಕ್ಕದ ಗೋಡೆಯ ಮೇಲೆ ನೀರು ಕುಡಿಯಲು ಯೋಗ್ಯವೆಂಬ ಹಳೆಯ ವರದಿಯ ಜೆರಾಕ್ಸ್ ಪ್ರತಿ ಅಂಟಿಸಿತ್ತು. ಆ ವರದಿ ಬೇಸಿಗೆಯಲ್ಲಿ ತೆಗೆದ ನೀರಿನದು. ನಾವು ಹೋದದ್ದು ಮುಂಗಾರು ಬಂದು ಚರಂಡಿಗಳು ಉಕ್ಕಿದ ಮೇಲೆ.

ವರದಿ ಸುಳ್ಳಾಗಿರಲಿಲ್ಲ. ಅದು ಆ ದಿನದ, ಆ ಹೊತ್ತಿನ ನೀರಿನ ಸತ್ಯವಾಗಿತ್ತು. ಕೆರೆಯ ನೀರಿನಲ್ಲಂತೂ ಆ ಹೊತ್ತು ಎಂಬುದು ಎಷ್ಟು ಮುಖ್ಯ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೀರಿನಲ್ಲಿ ಕರಗಿರುವ ಆಮ್ಲಜನಕವೇ ಕೆರೆಯ ಉಸಿರು. ನಮ್ಮ ಎತ್ತರದ ಪ್ರದೇಶದಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ಗಾಳಿಯಿಂದ ಒಂದು ಲೀಟರ್ ನೀರು ಸುಮಾರು ಏಳೂವರೆ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ, ಸೋಂಕು ನಿವಾರಿಸಿದರೆ ಸಾಕು, ಬೇರೆ ಶುದ್ಧೀಕರಣವಿಲ್ಲದೆ ಕುಡಿಯಬಹುದಾದ ಮೂಲವನ್ನು 'ಎ' ವರ್ಗವೆನ್ನುತ್ತಾರೆ. ಅದಕ್ಕೆ ಕನಿಷ್ಠ 6 ಮಿಲಿಗ್ರಾಂ ಬೇಕು. ಸ್ನಾನಕ್ಕೆ 5, ಮೀನು ಬದುಕಲು 4. ಇದನ್ನು ಅಳೆಯುವ ವಿಂಕ್ಲರ್ ವಿಧಾನವನ್ನು ನಾನು ವಿದ್ಯಾರ್ಥಿಗಳಿಗೆ ಕೆರೆಯ ದಂಡೆಯಲ್ಲಿಯೇ ಕಲಿಸುತ್ತೇನೆ. ಗಾಜಿನ ಬಾಟಲಿಯನ್ನು ನೀರಿನೊಳಗೇ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಿ ಬಿರಡೆ ಹಾಕಬೇಕು. ಮ್ಯಾಂಗನೀಸ್ ಸಲ್ಫೇಟ್ ದ್ರಾವಣವನ್ನೂ ಕ್ಷಾರದಲ್ಲಿ ಕರಗಿಸಿದ ಅಯೊಡೈಡನ್ನೂ ಪಿಪೆಟ್ಟಿನಿಂದ ಬಾಟಲಿಯ ಒಳಕ್ಕೆ ಬಿಟ್ಟು ತಿರುವಿದರೆ, ಆಮ್ಲಜನಕವಿರುವ ನೀರಿನಲ್ಲಿ ಹಾಲು ಒಡೆದಂತೆ ಕಂದು ಬಣ್ಣದ ಗಸಿ ಎದ್ದು ನಿಧಾನವಾಗಿ ತಳಕ್ಕಿಳಿಯುತ್ತದೆ. ಅದಕ್ಕೆ ಆಮ್ಲ ಸೇರಿಸಿದರೆ ಗಸಿ ಕರಗಿ ನೀರು ಜೇನಿನ ಬಣ್ಣಕ್ಕೆ ಬರುತ್ತದೆ. ಪಿಷ್ಟದ ಹನಿ ಹಾಕಿದರೆ ಕಡುನೀಲಿ. ಆ ನೀಲಿ ಹೋಗಲು ಎಷ್ಟು ಥಯೋಸಲ್ಫೇಟ್ ಬೇಕಾಯಿತು ಎಂಬುದರಿಂದ ಆಮ್ಲಜನಕದ ಲೆಕ್ಕ ಸಿಗುತ್ತದೆ. ಒಮ್ಮೆ ಚರಂಡಿ ನೀರು ಸೇರುವ ಒಂದು ಕೆರೆಯ ಅಂಚಿನಲ್ಲಿ ಬೆಳಕು ಹರಿಯುವ ಮೊದಲು ತುಂಬಿದ ಬಾಟಲಿಯಲ್ಲಿ ಗಸಿ ಕಂದಾಗಲೇ ಇಲ್ಲ, ಸುಣ್ಣದ ಹಾಗೆ ಬಿಳಿಯಾಗಿಯೇ ಕುಳಿತಿತ್ತು. ಟಾರ್ಚ್ ಹಿಡಿದಿದ್ದ ಹುಡುಗಿ, 'ಸಾರ್, ಔಷಧಿ ಹಾಳಾಗಿದೆಯೇನೋ' ಎಂದಳು. ಔಷಧಿ ಸರಿಯಾಗಿತ್ತು. ಅಲ್ಲಿ ಆಮ್ಲಜನಕ ಇರಲಿಲ್ಲ.

ಅದೇ ಜಾಗದ ನೀರನ್ನು ಮಧ್ಯಾಹ್ನ ಎರಡು ಗಂಟೆಗೆ ನೋಡಿದಾಗ ಗಸಿ ಗಾಢ ಕಂದು. ಕಾರಣ ಪಾಚಿ. ಚರಂಡಿಯ ಸಾರಜನಕ, ರಂಜಕಗಳನ್ನು ತಿಂದು ಬೆಳೆದ ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿಯೆಲ್ಲ ಅದನ್ನೇ ಉಸಿರಾಡಿ ಮುಗಿಸುತ್ತದೆ. ಕಚೇರಿ ತೆರೆದ ಮೇಲೆ ಜೀಪಿನಲ್ಲಿ ಹೊರಟು, ಹನ್ನೊಂದು ಹನ್ನೆರಡರ ಹೊತ್ತಿಗೆ ಮಾದರಿ ತುಂಬುವವರಿಗೆ ಕೆರೆ ಚೆನ್ನಾಗಿಯೇ ಕಾಣುತ್ತದೆ. ಮೀನುಗಳು ಸಾಯುವುದು ಬೆಳಗಿನ ಜಾವ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ತೇಲಿದ್ದನ್ನು ಪತ್ರಿಕೆಗಳಲ್ಲಿ ನೀವು ನೋಡಿರುತ್ತೀರಿ. ಅಂಥ ಘಟನೆಯಾದ ಮೇಲೆ ಪರೀಕ್ಷೆಗೆ ಓಡುವುದಕ್ಕಿಂತ, ವರ್ಷವಿಡೀ ಸೂರ್ಯೋದಯಕ್ಕೆ ಮುಂಚೆ ತೆಗೆದ ಹನ್ನೆರಡು ಬಾಟಲಿಗಳ ಲೆಕ್ಕ ಕೆರೆಯ ಬಗ್ಗೆ ಹೆಚ್ಚು ಹೇಳುತ್ತದೆ.

ಕೋಲಾರಕ್ಕೆ ಇದು ದೂರದ ಮಾತಲ್ಲ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಈ ನಾಡು ಸಾವಿರಾರು ಕೆರೆಗಳನ್ನು ಕಟ್ಟಿಕೊಂಡು ಬದುಕಿತ್ತು. ಒಂದು ಕಾಲಕ್ಕೆ ಕೆ.ಜಿ.ಎಫ್.ನ ಚಿನ್ನದ ಗಣಿಗಳಿಗೂ ಪಾಲಾರ್ ನದಿಯ ಮೇಲಿನ ಬೇತಮಂಗಲದ ಕೆರೆಯೇ ನೀರು ಕೊಟ್ಟಿತು. ಕೆರೆಗಳು ಒಣಗಿದ ಮೇಲೆ, 2018ರ ಜೂನ್‌ನಲ್ಲಿ, ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಇಲ್ಲಿಯ ಲಕ್ಷ್ಮೀಸಾಗರ ಕೆರೆಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಆರಂಭವಾಯಿತು. ದಿನಕ್ಕೆ 44 ಕೋಟಿ ಲೀಟರ್ ಅದರ ಗುರಿ. ಮರು ತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ವಿಷಯ ನ್ಯಾಯಾಲಯದ ಮೆಟ್ಟಿಲೇರಿ, ಕೆಲಕಾಲ ನೀರು ನಿಂತು, ಮತ್ತೆ ಹರಿಯಿತು. ಈ ಯೋಜನೆಯನ್ನು ವಿಷವೆಂದು ಬೈಯುವವರೂ ಇದ್ದಾರೆ, ಗಂಗೆಯೆಂದು ಪೂಜಿಸುವವರೂ ಇದ್ದಾರೆ. ನನ್ನ ಅಭಿಪ್ರಾಯ ಎರಡೂ ಅಲ್ಲ. ನೀರು ಮರುಬಳಕೆಯಾಗಲೇಬೇಕು, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದು ರೈತರಿಗೆ ದೊಡ್ಡ ಆಸರೆ. ಆದರೆ ಎರಡನೆಯ ಹಂತದ ಶುದ್ಧೀಕರಣ ಮುಖ್ಯವಾಗಿ ಕೊಳೆಯುವ ವಸ್ತುವನ್ನೂ ತೇಲುವ ಕಣಗಳನ್ನೂ ತೆಗೆಯುತ್ತದೆ. ಕರಗಿದ ಲವಣಗಳನ್ನು ತೆಗೆಯುವುದಿಲ್ಲ, ಸಾರಜನಕ ಮತ್ತು ರಂಜಕವನ್ನು ಪೂರ್ತಿಯಾಗಿ ತೆಗೆಯುವುದಿಲ್ಲ. ಕೆರೆಯಿಂದ ನೇರವಾಗಿ ನೀರೆತ್ತಬಾರದು, ಅದು ಅಂತರ್ಜಲಕ್ಕೆ ಇಳಿಯಲಿ ಎಂಬ ನಿಯಮವನ್ನು ಮಾಡಿರುವುದು ಮಣ್ಣು ಅದನ್ನು ಸೋಸುತ್ತದೆ ಎಂಬ ನಂಬಿಕೆಯ ಮೇಲೆ. ಮಣ್ಣು ಬಹಳಷ್ಟನ್ನು ಸೋಸುತ್ತದೆ, ನಿಜ. ಸಾರಜನಕದಿಂದ ಉಂಟಾಗುವ ನೈಟ್ರೇಟ್ ಮಾತ್ರ ಮಣ್ಣಿಗೆ ಸಿಕ್ಕದೆ ನೀರಿನೊಡನೆ ಕೆಳಗಿಳಿಯುವ ವಸ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟುವಂತಿಲ್ಲ, ಯಾವ ರಿಯಾಯಿತಿಯೂ ಇಲ್ಲ; ದಾಟಿದರೆ ಬಾಟಲಿ ಹಾಲು ಕುಡಿಯುವ ಕೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ. ಹಾಗಾಗಿ ಈ ಕೆರೆಗಳ ಅಚ್ಚುಕಟ್ಟಿನಲ್ಲಿ, ಕೆರೆಯಿಂದ ಬೇರೆ ಬೇರೆ ದೂರದಲ್ಲಿರುವ ಕೆಲವು ಬಾವಿ, ಬೋರ್‌ವೆಲ್‌ಗಳನ್ನು ಆರಿಸಿಕೊಂಡು ಪ್ರತಿ ತಿಂಗಳು ನೀರಿನ ಮಟ್ಟವನ್ನೂ ನೈಟ್ರೇಟನ್ನೂ ಫ್ಲೋರೈಡನ್ನೂ ಒಟ್ಟಿಗೆ ಅಳೆಯಬೇಕು. ಮಟ್ಟ ಏರಿದಾಗ ಫ್ಲೋರೈಡ್ ಇಳಿಯಿತೇ, ನೈಟ್ರೇಟ್ ಏರಿತೇ ಎಂಬ ಪ್ರಶ್ನೆಗೆ ಘೋಷಣೆಗಳಲ್ಲಿ ಉತ್ತರವಿಲ್ಲ, ಸಾಲುಸಾಲಾಗಿ ಬರೆದ ಅಂಕಿಗಳಲ್ಲಿ ಇದೆ.

ಈ ಕೆಲಸಕ್ಕೆ ಒಬ್ಬ ಮನುಷ್ಯ ಬೇಕು. ನಮ್ಮ ಕೆರೆಗಳಿಗೆ ಒಬ್ಬ ನೀರುಗಂಟಿ ಇದ್ದ. ತೂಬು ಎತ್ತುವವನು, ಇಳಿಸುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವವನು ಅವನೇ. ತೂಬಿನ ಕಲ್ಲಿನ ಮೇಲೆ ನೀರು ಎಷ್ಟು ಇಳಿದಿದೆ ಎಂದು ನೋಡಿ, ಈ ಬಾರಿ ಭತ್ತವೋ ರಾಗಿಯೋ ಎಂದು ಊರಿಗೆ ಹೇಳಬಲ್ಲವನಾಗಿದ್ದ. ಅವನ ಜ್ಞಾನದ ಗುಟ್ಟು ಒಂದೇ: ಅವನು ದಿನವೂ ಅದೇ ಕಲ್ಲನ್ನು ನೋಡುತ್ತಿದ್ದ. ಪ್ರಯೋಗಾಲಯದ ಉಪಕರಣ ಎಷ್ಟೇ ನಾಜೂಕಾಗಿದ್ದರೂ ಅದು ಆ ದಿನಚರಿಗೆ ಬದಲಿಯಾಗದು. ಹಾಗೆಂದು ಪ್ರಯೋಗಾಲಯ ಬೇಡವೆಂದಲ್ಲ. ಸೀಸ, ಕೀಟನಾಶಕಗಳನ್ನು ಊರಿನಲ್ಲಿ ಸರಿಯಾಗಿ ಅಳೆಯಲಾಗದು. ಆದರೆ ಯಾವ ಬಾವಿಯ ನೀರನ್ನು, ಯಾವಾಗ ಅಲ್ಲಿಗೆ ಕಳುಹಿಸಬೇಕು ಎಂದು ಹೇಳುವ ಕಣ್ಣು ಊರಿನಲ್ಲಿಯೇ ಇರಬೇಕು.

ಕಳುಹಿಸುವ ರೀತಿಯಲ್ಲಿಯೂ ಎಚ್ಚರ ಬೇಕು. ಕೆಟ್ಟ ಮಾದರಿಯಿಂದ ಒಳ್ಳೆಯ ವರದಿ ಹುಟ್ಟುವುದಿಲ್ಲ. ಬೋರ್‌ವೆಲ್ ಆದರೆ ಪೈಪಿನಲ್ಲಿ ನಿಂತ ನೀರು ಹೋಗುವವರೆಗೆ ಮೋಟರನ್ನು ಐದಾರು ನಿಮಿಷ ಓಡಿಸಬೇಕು. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಪ್ರಯೋಗಾಲಯದವರೇ ಕೊಟ್ಟ ಬಾಟಲಿಯನ್ನು ತೊಳೆಯದೆ ತುಂಬಿ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಆದಷ್ಟು ಅದೇ ದಿನ ತಲುಪಿಸಬೇಕು. ದಿನಾಂಕ, ಗಂಟೆ, ಜಾಗ, ಹಿಂದಿನ ಮಳೆಯಾಗಿ ಎಷ್ಟು ದಿನವಾಯಿತು ಎಂಬುದಿಲ್ಲದ ಅಂಕಿ, ವಿಳಾಸವಿಲ್ಲದ ಕಾಗದದಂತೆ.

ಉಳಿಸುವ ಮಾತಿಗೆ ಬರುತ್ತೇನೆ. ಹಳ್ಳಿಹಳ್ಳಿಯಲ್ಲಿ ಶುದ್ಧ ನೀರಿನ ಘಟಕಗಳಿವೆ, ಫ್ಲೋರೈಡ್ ಪೀಡಿತ ಊರುಗಳಿಗೆ ಅವು ಉಪಕಾರ ಮಾಡಿವೆ. ಆದರೆ ಅವುಗಳಲ್ಲಿರುವ, ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಲವಣ ತೆಗೆಯುವ ಆರ್.ಓ. ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಒಂದು ಲೀಟರನ್ನೋ ಅದಕ್ಕಿಂತ ಹೆಚ್ಚನ್ನೋ ಹೊರಗೆ ಬಿಡುತ್ತದೆ. ತೆಗೆದ ಫ್ಲೋರೈಡ್ ಮಾಯವಾಗಿಲ್ಲ. ಅರ್ಧ ನೀರು ಹೊರಹೋಗುವ ಯಂತ್ರದಲ್ಲಿ ಅದು ಆ ಅರ್ಧದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿ ಕುಳಿತಿರುತ್ತದೆ. ಅದನ್ನು ಘಟಕದ ಹಿಂದಿನ ಗುಂಡಿಗೆ ಬಿಟ್ಟರೆ, ನಾಳೆ ಎತ್ತುವ ನೀರಿಗೆ ನಾವೇ ಅದನ್ನು ಮರಳಿಸಿದಂತೆ. ಅದನ್ನು ಪಾತ್ರೆ, ನೆಲ ತೊಳೆಯಲು ಬಳಸುವ ವ್ಯವಸ್ಥೆಯಾಗಬೇಕು, ಇಂಗುಗುಂಡಿಗೆ ಎಂದೂ ಬಿಡಬಾರದು.

ಫ್ಲೋರೈಡ್ ಇಲ್ಲದ ನೀರು ನಮಗೆ ಪ್ರತಿ ವರ್ಷ ಮೇಲಿನಿಂದ ಬೀಳುತ್ತಲೇ ಇದೆ. ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 30 ಅಡಿಗೆ 40 ಅಡಿ ಸೈಟಿನಷ್ಟು ಅಗಲದ ತಾರಸಿಯ ಮೇಲೆ ವರ್ಷಕ್ಕೆ 78 ಸಾವಿರ ಲೀಟರ್ ಬೀಳುತ್ತದೆ. ಐದನೇ ಒಂದು ಭಾಗ ನಷ್ಟವಾದರೂ 60 ಸಾವಿರಕ್ಕೆ ಕಡಿಮೆಯಿಲ್ಲ. ಐದು ಜನರ ಮನೆಯಲ್ಲಿ ಕುಡಿಯಲು ಮತ್ತು ಅಡುಗೆಗೆ ತಲಾ ಐದು ಲೀಟರ್ ಎಂದರೂ ವರ್ಷಕ್ಕೆ ಬೇಕಾದದ್ದು 9,125 ಲೀಟರ್. ಹತ್ತು ಸಾವಿರ ಲೀಟರಿನ ಒಂದು ತೊಟ್ಟಿ, ಬೆಳಕು ಬೀಳದಂಥ ಮುಚ್ಚಳ, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ಒಂದು ಪೈಪು, ಮರಳು-ಇದ್ದಿಲಿನ ಸೋಸುಗುಂಡಿ, ಇಷ್ಟಿದ್ದರೆ ಒಂದು ಸಂಸಾರದ ಹಲ್ಲು ಮೂಳೆಗಳನ್ನು ಕಾಯಬಹುದು. ಆ ತೊಟ್ಟಿಯ ನೀರಿಗೂ ಹಕ್ಕಿಯ ಹಿಕ್ಕೆ ಬೀಳುತ್ತದೆ, ಆದ್ದರಿಂದ ಅದಕ್ಕೂ ನೀರು ಕಪ್ಪಾಗುವ ಆ ಬಾಟಲಿಯ ಪರೀಕ್ಷೆ ತಪ್ಪಿದ್ದಲ್ಲ.

ಕೊನೆಯದಾಗಿ, ಕೆಲಸದ ವಿಷಯ. ಈ ಗ್ರಂಥಾಲಯದವರು ಒಂದು ದಪ್ಪ ರಿಜಿಸ್ಟರ್ ಪುಸ್ತಕವನ್ನು ಕೊಟ್ಟಿದ್ದಾರೆ. ಅದಕ್ಕೆ ನಾವು ಕಾಲಂ ಗೆರೆ ಹಾಕಿದ್ದೇವೆ, ಮೊದಲ ಪುಟ ಇನ್ನೂ ಖಾಲಿಯಿದೆ. ಬರುವ ಭಾನುವಾರ ಬೆಳಗಿನ ಜಾವ ಐದು ಗಂಟೆಗೆ ದೊಡ್ಡಕೆರೆಯ ತೂಬಿನ ಬಳಿ ನಾನು, ವಿದ್ಯಾರ್ಥಿಗಳು ಇರುತ್ತೇವೆ, ಮತ್ತೆ ಮಧ್ಯಾಹ್ನ ಎರಡಕ್ಕೆ ಅದೇ ಕಲ್ಲಿನ ಪಕ್ಕ. ಬರುವವರು ತಮ್ಮ ಮನೆಯ ಬೋರ್‌ವೆಲ್ಲಿನ ನೀರನ್ನು ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಬೋರ್‌ವೆಲ್ಲಿನ ಆಳ ಮತ್ತು ಈಗ ಎಷ್ಟು ಅಡಿಯಲ್ಲಿ ನೀರು ಸಿಗುತ್ತಿದೆ ಎಂಬುದನ್ನು ಚೀಟಿಯಲ್ಲಿ ಬರೆದು ಅಂಟಿಸಿ ತನ್ನಿ.